ಟ್ರೈಲ್ ರಸ್ತೆ ದಾಟುವ ಜಾಗದಲ್ಲಿ ನಮ್ಮ ಅಪ್ಪ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರ ಮನೆ ಆಶ್‌ಬರ್ನ್, ಸ್ಟರ್ಲಿಂಗ್, ಹರ್ನ್‌ಡನ್, ರೆಸ್ಟನ್ ಕಡೆಗಿದೆ. ಹಾಗಾಗಿ ಉತ್ತರ ವರ್ಜೀನಿಯಾದ ಡಬ್ಲ್ಯು ಅಂಡ್ ಓಡಿ ಟ್ರೈಲ್, ಅಂದರೆ ನಡೆಯಲು, ಸೈಕಲ್ ಓಡಿಸಲು ಇರುವ ದಾರಿ, ಎಲ್ಲರಿಗೂ ಹತ್ತಿರ. ಊರಿಂದ ಅಪ್ಪ ಅಮ್ಮ ಬಂದರೆ ಬೆಳಿಗ್ಗೆ ವಾಕಿಂಗಿಗೆ ಕಳಿಸುವುದೂ ಅಲ್ಲಿಗೇ. ಮಕ್ಕಳು ಸೈಕಲ್ ಕಲಿಯುವುದೂ ಅಲ್ಲೇ. ಅಷ್ಟು ಒಳ್ಳೆಯ ದಾರಿ ಅದು. ಆದರೆ ಅದು ದೊಡ್ಡ ರಸ್ತೆಗಳನ್ನು ದಾಟುವ ಜಾಗಗಳು ಅಷ್ಟು ಒಳ್ಳೆಯದಾಗಿಲ್ಲ. ಇವತ್ತು ಆ ಜಾಗಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಈ ಟ್ರೈಲ್ ಮೊದಲು ರೈಲು ದಾರಿ. 1968ರಲ್ಲಿ ರೈಲು ನಿಂತಿತು. 1974ರಲ್ಲಿ ಫಾಲ್ಸ್ ಚರ್ಚ್‌ನಲ್ಲಿ ಟ್ರೈಲಿನ ಮೊದಲ ತುಂಡು ಶುರುವಾಯಿತು. 1988ರಲ್ಲಿ ಪರ್ಸೆಲ್‌ವಿಲ್ ಮುಟ್ಟಿತು. ಶರ್ಲಿಂಗ್ಟನ್‌ನಿಂದ ಅಲ್ಲಿಗೆ 45 ಮೈಲಿ. ರೈಲು ಓಡುತ್ತಿದ್ದ ಕಾಲದಲ್ಲಿ ರೈಲಿಗಾಗಿ ರಸ್ತೆ ನಿಲ್ಲುತ್ತಿತ್ತು. ರೈಲು ಹೋದ ಮೇಲೆ ಅದೇ ಜಾಗದಲ್ಲಿ ನಿಲ್ಲಬೇಕಾದವರು ನಡೆಯುವವರು. ಎಷ್ಟೋ ಕಡೆ ಸ್ಟಾಪ್ ಬೋರ್ಡ್ ಟ್ರೈಲಿನ ಕಡೆಗೇ ಮುಖ ಮಾಡಿದೆ, ನೋಡಿದ್ದೀರಲ್ವಾ? ಅದರ ಮೇಲೆ, ಆಗ ಹೊಲಗಳ ನಡುವೆ ಇದ್ದ ಸಣ್ಣ ರಸ್ತೆಗಳು ಈಗ ನಾಲ್ಕು, ಆರು ಲೇನ್ ಆಗಿವೆ.

ಹೋದ ಬೇಸಿಗೆ ನಮ್ಮ ಅತ್ತೆ ಬಂದಿದ್ದರು. ಒಂದು ನಾಲ್ಕು ಲೇನ್ ರಸ್ತೆಯ ಅಂಚಿನಲ್ಲಿ ನಾವಿಬ್ಬರೂ ನಿಂತಿದ್ದೆವು. ಹತ್ತಿರದ ಲೇನಿನ ಕಾರು ನಿಂತಿತು. ಡ್ರೈವರ್ ಕೈ ಬೀಸಿ ಹೋಗಿ ಅಂದರು. ಅತ್ತೆ ಸೆರಗು ಸರಿ ಮಾಡಿಕೊಂಡು ಹೆಜ್ಜೆ ಇಟ್ಟೇ ಬಿಟ್ಟರು. ಪಕ್ಕದ ಲೇನಿನಲ್ಲಿ ಬರುತ್ತಿದ್ದ ಗಾಡಿಗೆ ನಿಂತ ಕಾರು ಅಡ್ಡ. ಆ ಗಾಡಿಯ ಡ್ರೈವರಿಗೆ ಅತ್ತೆ ಕಾಣುವ ಹಾಗೇ ಇರಲಿಲ್ಲ. ನಾನು ತೋಳು ಹಿಡಿದು ಎಳೆದೆ. ಗಾಡಿ ನಿಲ್ಲದೆ ಹೋಯಿತು.

ಎಂಜಿನಿಯರುಗಳು ಇದಕ್ಕೆ ಮಲ್ಟಿಪಲ್ ಥ್ರೆಟ್ ಅನ್ನುತ್ತಾರೆ. ಲೇನ್ ಜಾಸ್ತಿ ಇರುವ ರಸ್ತೆಯಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದ ನಿಂತರೂ ಸಾಲದು. ಅವರು ಕ್ರಾಸ್‌ವಾಕಿಗೆ, ಅಂದರೆ ನಡೆಯುವವರು ದಾಟಲು ಗೆರೆ ಎಳೆದ ಜಾಗಕ್ಕೆ, ಅಂಟಿಕೊಂಡು ನಿಂತರೆ ಅವರ ಕಾರೇ ಪರದೆ ಆಗುತ್ತದೆ. ಅದಕ್ಕೇ ನಿಲ್ಲುವ ಗೆರೆಯನ್ನು ಕ್ರಾಸ್‌ವಾಕಿನಿಂದ 20ರಿಂದ 50 ಅಡಿ ಹಿಂದೆ ಹಾಕಬೇಕು. ಒಂದು ಡಬ್ಬ ಬಣ್ಣದ ಕೆಲಸ ಅದು.

ನಮ್ಮವರಿಗೆ ಇನ್ನೊಂದು ತೊಂದರೆ ಇದೆ. ಇಲ್ಲಿ ರಸ್ತೆಗಿಳಿದರೆ ಮೊದಲು ಗಾಡಿ ಬರುವುದು ಎಡಗಡೆಯಿಂದ. ಅರವತ್ತು ವರ್ಷ ಮೈಸೂರಲ್ಲೋ ದಾವಣಗೆರೆಯಲ್ಲೋ ರಸ್ತೆ ದಾಟಿದವರ ಕತ್ತು ತಾನಾಗೇ ಬಲಕ್ಕೆ ತಿರುಗುತ್ತದೆ. "ಎಡಗಡೆ ನೋಡಿ" ಅಂತ ನಾವು ಹೇಳುತ್ತೇವೆ, ಅವರೂ ಹೂಂ ಅನ್ನುತ್ತಾರೆ. ಆದರೆ ಅಭ್ಯಾಸ ಒಂದು ಮಾತಿಗೆ ಬದಲಾಗುವುದಿಲ್ಲ. ಹಾಗಾಗಿ ಅವರಿಗೆ ಬುದ್ಧಿ ಹೇಳಿ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುವುದು ತಪ್ಪು ಅಂತ ನನಗೆ ಅನಿಸುತ್ತದೆ. ತಪ್ಪು ಹೆಜ್ಜೆ ಇಟ್ಟವರೂ ಬದುಕಿ ಮನೆಗೆ ಬರುವ ಹಾಗೆ ಜಾಗವನ್ನೇ ಕಟ್ಟಬೇಕು.

ಹಾಗೆ ಕಟ್ಟುವುದಾದರೆ ಮೊದಲು ವೇಗ. ಗಂಟೆಗೆ 25 ಮೈಲಿಯಲ್ಲಿ ಬರುವ ಕಾರು, ಡ್ರೈವರ್ ನೋಡಿ ಬ್ರೇಕ್ ಒತ್ತಿ, ಸುಮಾರು 85 ಅಡಿಯಲ್ಲಿ ಪೂರ್ತಿ ನಿಲ್ಲುತ್ತದೆ. ರಸ್ತೆ ಒಣಗಿರಬೇಕು, ಡ್ರೈವರ್ ಎಚ್ಚರವಾಗಿರಬೇಕು, ಆಗಿನ ಲೆಕ್ಕ ಇದು. 35 ಮೈಲಿಯಲ್ಲಿ ಬರುವ ಕಾರು ಅದೇ 85ನೇ ಅಡಿಯಲ್ಲಿ ಆಗಷ್ಟೇ ಬ್ರೇಕ್ ಹಿಡಿಯಲು ಶುರು ಮಾಡಿರುತ್ತದೆ. ಆಗಲೂ ಅದರ ವೇಗ 32 ಮೈಲಿ ಹತ್ತಿರ. ರಸ್ತೆ ಸುರಕ್ಷತೆಯ ಅಧ್ಯಯನ ಮಾಡುವ ಎಎಎ ಫೌಂಡೇಶನ್ 2011ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 32 ಮೈಲಿ ವೇಗದಲ್ಲಿ ಗುದ್ದಿಸಿಕೊಂಡ ನಾಲ್ವರಲ್ಲಿ ಒಬ್ಬರು ಸಾಯುತ್ತಾರೆ. ಅದೇ ಲೆಕ್ಕ ಇನ್ನೊಂದು ಮಾತು ಹೇಳುತ್ತದೆ: 70 ವರ್ಷದವರಿಗೆ 25 ಮೈಲಿಯ ಪೆಟ್ಟು, 30 ವರ್ಷದವರಿಗೆ 35 ಮೈಲಿಯ ಪೆಟ್ಟಿನಷ್ಟೇ ಅಪಾಯ.

ಎರಡನೆಯದು ದಾಟುವ ಉದ್ದ. ನಾಲ್ಕು ಲೇನ್, ನಡುವೆ ಒಂದು ಟರ್ನ್ ಲೇನ್ ಅಂದರೆ 60 ಅಡಿ. ವಯಸ್ಸಾದವರು ಸೆಕೆಂಡಿಗೆ 3 ಅಡಿ ನಡೆದರೆ 20 ಸೆಕೆಂಡ್ ಬೇಕು. 40 ಮೈಲಿಯಲ್ಲಿ ಬರುವ ಕಾರು ಅಷ್ಟರಲ್ಲಿ 1,170 ಅಡಿ ಓಡುತ್ತದೆ. ಹೆಚ್ಚುಕಮ್ಮಿ ಕಾಲು ಮೈಲಿ! ಎರಡೂ ಕಡೆ ಅಷ್ಟು ದೂರ ರಸ್ತೆ ಖಾಲಿ ಇದ್ದರೆ ಮಾತ್ರ ಅಮ್ಮ ಹೆಜ್ಜೆ ಇಡಬಹುದು. ಅಂಥ ಹೊತ್ತು ಬೆಳಿಗ್ಗೆ ಎಂಟು ಗಂಟೆಗೆ ಎಲ್ಲಿ ಸಿಗುತ್ತದೆ?

ಈಗ ರಸ್ತೆ ಮಧ್ಯೆ ನಿಲ್ಲಲು ಒಂದು ಕಟ್ಟೆ ಕಟ್ಟಿ. ಒಂದು ಸಲಕ್ಕೆ 24 ಅಡಿ ದಾಟಿದರೆ ಸಾಕು, 8 ಸೆಕೆಂಡ್. ನೋಡಬೇಕಾದ್ದು ಒಂದೇ ಕಡೆ: ಕಟ್ಟೆಯವರೆಗೆ ಎಡಕ್ಕೆ, ಕಟ್ಟೆ ಬಿಟ್ಟ ಮೇಲೆ ಬಲಕ್ಕೆ. ಕಟ್ಟೆಯ ಒಳಗಿನ ದಾರಿಯನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿದರೆ ನಡೆಯುವವರ ಮುಖ ಎದುರು ಬರುವ ಗಾಡಿಗಳ ಕಡೆಗೇ ತಿರುಗುತ್ತದೆ. ಕತ್ತಿನ ಅಭ್ಯಾಸವನ್ನು ಕಾಂಕ್ರೀಟೇ ತಿದ್ದಿದಂತಾಯಿತು. ಕಟ್ಟೆ ಕಡಿಮೆಯೆಂದರೂ 6 ಅಡಿ ಅಗಲ ಇರಬೇಕು. ಟ್ರೈಲಿನಲ್ಲಿ ಮಕ್ಕಳನ್ನು ಕೂರಿಸಿದ ಗಾಡಿ ಕಟ್ಟಿಕೊಂಡ ಸೈಕಲ್ ಬರುತ್ತದೆ, ಅದಕ್ಕೆ 10 ಅಡಿ ಬೇಕು. ನನ್ನನ್ನು ಒಂದೇ ಒಂದು ಆರಿಸಿ ಅಂದರೆ ನಾನು ಈ ಕಟ್ಟೆಯನ್ನೇ ಆರಿಸುತ್ತೇನೆ.

ದೀಪಗಳೂ ಕೆಲಸ ಮಾಡುತ್ತವೆ. ಗುಂಡಿ ಒತ್ತಿದರೆ ಪಟಪಟ ಹೊಡೆಯುವ ಹಳದಿ ದೀಪಗಳಿವೆ. ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲೇ ಬಹುಪಾಲು ನಡೆದ ಪರೀಕ್ಷೆಯಲ್ಲಿ, ದಾರಿ ಬಿಡುವ ಡ್ರೈವರುಗಳು ಸರಾಸರಿ ಶೇ. 18 ಇದ್ದದ್ದು ಶೇ. 80 ದಾಟಿತು. ಇನ್ನೂ ವೇಗದ ರಸ್ತೆಗೆ ಹಾಕ್ ಅನ್ನುವ ಸಿಗ್ನಲ್ ಇದೆ. ಅರಿಜೋನಾದ ಟೂಸಾನ್‌ನಲ್ಲಿ ಹುಟ್ಟಿದ್ದು. ಯಾರೂ ಒತ್ತದಿದ್ದರೆ ಸುಮ್ನೆ ಇರುತ್ತದೆ, ಒತ್ತಿದರೆ ಕೆಂಪು ಬರುತ್ತದೆ. ಅದು ಬಂದ ಕಡೆ ನಡೆಯುವವರಿಗೆ ಆಗುವ ಅಪಘಾತ ಶೇ. 69ರಷ್ಟು ಇಳಿಯಿತು ಅಂತ 2010ರ ಫೆಡರಲ್ ವರದಿ ಹೇಳುತ್ತದೆ. ಸೇತುವೆ ಎಲ್ಲಕ್ಕಿಂತ ಚೆನ್ನ. ಈಸ್ಟ್ ಫಾಲ್ಸ್ ಚರ್ಚ್ ಹತ್ತಿರ, ಈಗ ಲ್ಯಾಂಗ್‌ಸ್ಟನ್ ಬುಲೆವಾರ್ಡ್ ಅನ್ನುವ ರಸ್ತೆಯ ಮೇಲೆ, 2021ರಲ್ಲಿ ಟ್ರೈಲಿಗೆ ಸೇತುವೆ ಬಂತು. ಆದರೆ ಸೇತುವೆಗೆ ಕೋಟಿಗಟ್ಟಲೆ ಹಣ, ವರ್ಷಗಟ್ಟಲೆ ಸಮಯ ಬೇಕು. ಎಲ್ಲ ಕಡೆ ಅದಕ್ಕೇ ಕಾಯುತ್ತಾ ಕೂರಲು ಆಗುವುದಿಲ್ಲ.

ಕಾನೂನು ನಮ್ಮ ಕಡೆಗಿದೆ. 2023ರ ಜುಲೈನಿಂದ ವರ್ಜೀನಿಯಾದಲ್ಲಿ ಕ್ರಾಸ್‌ವಾಕಿನಲ್ಲಿ ದಾಟುತ್ತಿರುವವರಿಗೆ ಡ್ರೈವರ್ ಗಾಡಿ ನಿಲ್ಲಿಸಲೇಬೇಕು. ಹಾಗೆ ನಿಂತ ಗಾಡಿಯನ್ನು ಹಿಂದಿನವರು ದಾಟಿ ಹೋಗುವಂತಿಲ್ಲ. ನಾವೆಲ್ಲ ಇಲ್ಲಿ ಡ್ರೈವರುಗಳೂ ಹೌದು, ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ಕೊನೆಗೆ ಯಾರಿಗೆ ಬರೆಯಬೇಕು ಅನ್ನುವುದು. ಟ್ರೈಲ್ ನೋವಾ ಪಾರ್ಕ್ಸ್ ಅನ್ನುವ, ಉತ್ತರ ವರ್ಜೀನಿಯಾದ ಪಾರ್ಕ್ ಸಂಸ್ಥೆಯದು. ಅದು ದಾಟುವ ರಸ್ತೆ, ಫೇರ್‌ಫ್ಯಾಕ್ಸ್ ಮತ್ತು ಲೌಡನ್ ಕೌಂಟಿಗಳಲ್ಲಿ, ಹೆಚ್ಚಾಗಿ ರಾಜ್ಯದ ಸಾರಿಗೆ ಇಲಾಖೆಯದು. ಆರ್ಲಿಂಗ್ಟನ್ ಕೌಂಟಿಯಾದರೆ ತನ್ನ ಹೆಚ್ಚಿನ ರಸ್ತೆಗಳನ್ನು ತಾನೇ ನೋಡಿಕೊಳ್ಳುತ್ತದೆ. ಹಾಗಾಗಿ ಪಾರ್ಕ್‌ನವರಿಗೆ ಮಾತ್ರ ಬರೆದರೆ ರಸ್ತೆ ಬದಲಾಗುವುದಿಲ್ಲ. ಇಲಾಖೆಗೂ ಬರೆಯಿರಿ, ನಿಮ್ಮ ಭಾಗದ ಕೌಂಟಿ ಸೂಪರ್‌ವೈಸರಿಗೂ ಬರೆಯಿರಿ. ರಸ್ತೆಯ ಹೆಸರು, ಎಷ್ಟು ಲೇನ್, ಸ್ಪೀಡ್ ಲಿಮಿಟ್ ಎಷ್ಟು, ಅಮ್ಮನಿಗೆ ದಾಟಲು ಎಷ್ಟು ಸೆಕೆಂಡ್ ಬೇಕಾಯಿತು, ಇಷ್ಟು ಬರೆದರೆ ಸಾಕು. ಇನ್ನೊಂದು ಬೋರ್ಡ್ ಹಾಕಿ ಅಂತ ಕೇಳಬೇಡಿ, ಮಧ್ಯದಲ್ಲಿ ಕಟ್ಟೆ ಕೇಳಿ. ನಿಮ್ಮ ರಸ್ತೆಗೆ ಹೊಸ ಟಾರು ಹಾಕುವ ಸುದ್ದಿ ಬಂದರೆ ತಕ್ಷಣ ಬರೆಯಿರಿ. ಗೆರೆಗಳನ್ನು ಹೊಸದಾಗಿ ಎಳೆಯುವಾಗಲೇ ಲೇನ್ ಕಡಿಮೆ ಮಾಡುವುದು, ನಿಲ್ಲುವ ಗೆರೆ ಹಿಂದಕ್ಕೆ ಸರಿಸುವುದು ಸುಲಭ.