ಕೂಸಿಗೆ ಎದಿ ಬಿಡಿಸಬ್ಯಾಡ್ರಿ

ಎಲ್ಲಾರಿಗೂ ನಮಸ್ಕಾರ್ರೀ. ಈ ಹೊತ್ತಿಗೆ ಬಾಣಂತ್ಯಾರು ಕೂಸಿಗೆ ಎರದು ಮಲಗಿಸಿ ಸ್ವಲ್ಪ ಆರಾಮ ಕುಂತಿರ್ತೀರಿ, ಬಾಜೂಕ ಅವ್ವ, ಅತ್ತಿ ಇದ್ರ ಅವರನ್ನೂ ಕರೀರಿ, ಇವತ್ತಿನ ಮಾತು ಅವರಿಗೇ ಜಾಸ್ತಿ ಬೇಕಾಗೈತಿ. ಎದಿಯೊಳಗ ಕೀವು ತುಂಬೋದರ ಬಗ್ಗೆ ಹೇಳಾಕ ಬಂದೀನಿ. ನಾಚ್ಕೊಂಡು ರೇಡಿಯೋ ಬಂದ್ ಮಾಡಬ್ಯಾಡ್ರಿ.

ಒಂದೇ ಮಾತು. ಎದಿ ಬಾತ್ರ ಹಾಲು ಕುಡಿಸೋದು ನಿಲ್ಲಿಸಬ್ಯಾಡ್ರಿ.

ಹೆರಿಗಿ ಆದ ಮೊದಲ 6 ವಾರದಾಗ ಇದು ಜಾಸ್ತಿ. ಕೂಸು ಬರೇ ತೊಟ್ಟಷ್ಟ ಕಚ್ಚಿದ್ರ ತೊಟ್ಟು ಸೀಳ್ತೈತಿ, ಚರ್ಮದ ಮ್ಯಾಲ, ಮೂಗಿನ್ಯಾಗ ಇರೋ ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಆ ಸೀಳಿನಿಂದ ಒಳಗ ಹೋಗಿ ಕಟ್ಟಿಕೊಂಡ ಹಾಲಿನ್ಯಾಗ ಬೆಳೀತೈತಿ. ಕೆಂಪಾಗ್ತೈತಿ, ಬಿಸಿ ಆಗ್ತೈತಿ, ಚಳಿಜ್ವರ ಬರ್ತೈತಿ. ಆವಾಗ್ಲೇ ಬಂದ್ರ ಗುಳಿಗಿಗೇ ಹೋಗ್ತೈತಿ. ಹಣ್ಣಾಗ್ಲಿ ಅಂತ ಕುಂತ್ರ ಗಡ್ಡಿಯಾಗಿ ನಡುವ ಮೆತ್ತಗಾಗ್ತೈತಿ, ಅದು ಕೀವು.

ಕಾರಟಗಿ ಕಡಿಂದ ಒಬ್ಬಾಕಿ ಚೊಚ್ಚಲ ಬಾಣಂತಿ ನಮ್ಮ ಆಸ್ಪತ್ರಿಗೆ ಬಂದಿದ್ಲು, 22 ದಿನದ ಕೂಸು, ಜೋಡಿ ಅಜ್ಜಿ. ನಾಟಿ ಹಚ್ಚೋ ಹೊತ್ತು, ಕರ್ಕೊಂಡು ಬರಾಕ ಮನ್ಯಾಗ ಯಾರೂ ಇಲ್ಲಂತ 6 ದಿನ ಜ್ವರದಾಗ ಕಾದಿದ್ರು. ಎದಿಗೆ ಸುಣ್ಣ ಅರಿಶಿಣ ಮೆತ್ತಿ ಬಿಗಿಯಾಗಿ ಬಟ್ಟಿ ಕಟ್ಟಿ, ಹಾಲು ಕೆಟ್ಟೈತಿ ಅಂತ ಆ ಕಡಿ ಎದಿ ಬಿಡಿಸಿ ಬಾಟ್ಲಿ ಹಾಲು ಹಾಕಿದ್ರು, ಕೂಸಿಗೆ ಬೇರೆ ಬೇದಿ ಹತ್ತಿತ್ತು. ತೊಳದು ನೋಡಿದ್ರ ಸುಣ್ಣಕ್ಕ ಚರ್ಮ ಸುಟ್ಟಿತ್ತು. ಸ್ಕ್ಯಾನಿಂಗ್ ಮಾಡಿ, ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಸೂಜಿಲೇ 60 ಎಂಎಲ್ ಕೀವು ತೆಗದ್ವಿ. ಆವತ್ತು ರಾತ್ರಿ ಆ ಹುಡುಗಿ ಕಣ್ತುಂಬ ಮಲಗಿದ್ಲು. ಮರುದಿನ ಅದೇ ಎದಿಗೆ ಕೂಸು ಹಚ್ಚವ್ವ ಅಂದ್ರ ಅಜ್ಜಿ ನನ್ನ ಕೈನೇ ಹಿಡಕೊಂಡ್ಲು. "ಬ್ಯಾಡ ಯವ್ವಾ, ಕೂಸು ಕೀವು ಕುಡೀತೈತಿ."

ನಾ ಕೇಳಿದೆ, "ಅಜ್ಜಿ, ಕಾಲುವಿಗೆ ನೀರು ಬರೋವಾಗ ತೂಬು ಮುಚ್ಚಿದ್ರ ಏನಾಗ್ತೈತಿ?"

"ದಂಡಿ ಒಡೀತೈತಿ."

"ಇಲ್ಲಿ ಒಡದಿದ್ದೂ ಹಂಗ. ನೀವು ತೂಬು ಮುಚ್ಚಿದ್ರಿ."

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು ತಾನೇ ಕೂಸು ಎತ್ತಿ ಹಚ್ಚಿದ್ಲು. ಎರಡು ದಿನಕ್ಕೊಮ್ಮಿ ಮತ್ತ ಎರಡು ಸಲ ಕೀವು ತೆಗದ್ವಿ, ಕೊಯ್ಯೋದು ಬೀಳಲಿಲ್ಲ.

ಟೈಮ್ ಆಗಾಕ ಬಂತು, ಲಗೂನ ಹೇಳ್ತೀನಿ. ಆಂಟಿಬಯೋಟಿಕ್ 10ರಿಂದ 14 ದಿನ, ಜ್ವರ ಬಿಟ್ಟಿತಂತ ಅರ್ಧಕ್ಕ ಬಿಡಬ್ಯಾಡ್ರಿ. ನೋವಿಗೆ ಪ್ಯಾರಾಸಿಟಮಾಲ್, ತಣ್ಣನ ಬಟ್ಟಿ. ತಿಕ್ಕಬ್ಯಾಡ್ರಿ, ಮನ್ಯಾಗ ಚುಚ್ಚಬ್ಯಾಡ್ರಿ. ಚರ್ಮ ತೆಳ್ಳಗಾಗಿ ಹೊಳೀತಿದ್ರ ಸಣ್ಣದಾಗಿ ಕೊಯ್ಯಬೇಕಾಗ್ತೈತಿ, ಅದೂ ಮಾಯ್ತೈತಿ. ಔಷಧ ಮುಗಿದ್ರೂ ಗಡ್ಡಿ ಕರಗದಿದ್ರ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಾಕ ಪರೀಕ್ಷಿ ಮಾಡಿಸ್ರಿ. ಕೂಸಿನ ಬಾಯಿ ತಾಕಿದ್ರ ತಡಕೊಳ್ಳಾಕ ಆಗಂಗಿಲ್ಲ ಅನ್ನೋರು ಕೈಲೇ ಹಿಂಡಿ ಹಾಲು ತೆಗೀರಿ, ಆದ್ರ ಹಾಲು ಒಳಗ ನಿಲ್ಲಬಾರದು. ಎದಿ ಕೆಂಪಾಗಿ ಜ್ವರ ಬಂದ್ರ ಆವತ್ತೇ ಆಸ್ಪತ್ರಿಗೆ ಬರ್ರಿ, ಕರ್ಕೊಂಡು ಬರೋರಿಲ್ಲ ಅಂದ್ರ ನಿಮ್ಮ ಊರಿನ ಆಶಾ ಕಾರ್ಯಕರ್ತಿಗೆ ಫೋನ್ ಹಚ್ಚಿ ಕರ್ಕೊಂಡು ಬರ್ರಿ.

ಕೂಸು ಎದ್ದಿದ್ರ ಹೋಗಿ ಕುಡಿಸ್ರಿ. ನಮಸ್ಕಾರ.