ಎದುರುಪಾತ್ರದ ಹೊಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಓದಿನಲ್ಲಿ ಹಿಂದೆ ಬಿದ್ದ, ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟ, ‘ಇವರಿಂದ ಏನಾದೀತು’ ಎಂಬ ಮಾತನ್ನೇ ಕೇಳುತ್ತ ಬೆಳೆದ ಹುಡುಗ ಹುಡುಗಿಯರಿಗೆ ನಾಟಕವು ಆತ್ಮವಿಶ್ವಾಸ ತುಂಬುತ್ತದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ರಂಗದ ಮೇಲೆ ನಿಂತು ಚಪ್ಪಾಳೆ ಗಿಟ್ಟಿಸಿದರೆ ಅಂಜಿಕೆ ಹೋಗುತ್ತದೆ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಆದರೆ ಆ ಧೈರ್ಯ ಮೊಳೆಯುವುದು ಪ್ರದರ್ಶನಕ್ಕೂ ವಾರಗಳ ಮೊದಲು, ತಾಲೀಮಿನ ಕೋಣೆಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಹೊಗಳಿಕೆಗಿಂತ ಹೆಚ್ಚಾಗಿ ಅದನ್ನು ಮೂಡಿಸುವುದು ಹೊಣೆ.

ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸುತ್ತಮುತ್ತ ಸಿದ್ದಿ ಸಮುದಾಯದವರಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟು, ಬಹುಪಾಲು ಗೋವೆಯ ದಾರಿಯಿಂದ ಈ ಕಾಡುಗಳನ್ನು ಸೇರಿದವರ ಸಂತತಿ ಇವರದು. ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಬಹಳ ಮುಂಚೆ, 1980ರ ದಶಕದಲ್ಲಿ, ಹೆಗ್ಗೋಡಿನ ನೀನಾಸಮ್ ಎಂಬ ರಂಗಸಂಸ್ಥೆಯು ಇವರೊಡನೆ ನಾಟಕ ಕಟ್ಟಲು ಮುಂದಾಯಿತು. ನೈಜೀರಿಯಾದ ಲೇಖಕ ಚಿನುವ ಅಚಿಬೆಯವರು 1958ರಲ್ಲಿ ಪ್ರಕಟಿಸಿದ ಕಾದಂಬರಿಯ ರಂಗರೂಪವನ್ನು ಚಿದಂಬರರಾವ್ ಜಂಬೆಯವರು ಸಿದ್ದಿ ಕಲಾವಿದರಿಂದಲೇ ಆಡಿಸಿದರು. ಬಿಳಿಯರ ಆಡಳಿತ ಬಂದು ಒಂದು ಆಫ್ರಿಕನ್ ಹಳ್ಳಿಯ ಬದುಕು ಒಡೆದುಹೋಗುವ ಕಥೆ ಅದು. ಶಾಲೆಯಲ್ಲಿ, ಸಂತೆಯಲ್ಲಿ ತಮ್ಮ ಕೂದಲು ಮತ್ತು ಬಣ್ಣದ ಬಗ್ಗೆ ಕುಚೋದ್ಯ ಕೇಳಿಯೇ ತಲೆ ತಗ್ಗಿಸುತ್ತಿದ್ದವರಿಗೆ ಅದೇ ಮೈ, ಅದೇ ಮುಖ ಆ ಕಥೆಯನ್ನು ಹೇಳಲು ಬೇಕೇಬೇಕಾದ ಬಂಡವಾಳವಾಯಿತು. ತಮ್ಮ ಚರ್ಮವಾದ್ಯ ಡಮಾಮಿಯ ಬಡಿತಕ್ಕೆ ಹೆಜ್ಜೆ ಹಾಕುತ್ತಲೇ ಬೆಳೆದವರಿಗೆ ಲಯವನ್ನು ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಇತರರು ಇವರಿಂದ ಕಲಿಯುವುದಿತ್ತು. ಮುಂದೆ ಇದೇ ಸಮುದಾಯದ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ನೀನಾಸಮ್‌ನಲ್ಲಿ ತರಬೇತಿ ಪಡೆದು ರಂಗಭೂಮಿಯಲ್ಲೂ ಸಿನಿಮಾದಲ್ಲೂ ಹೆಸರು ಮಾಡಿದರು. ಹೆಸರು ಮಾಡದೆ ಊರಲ್ಲೇ ಉಳಿದವರ ವಿಷಯವೂ ನನಗೆ ಅಷ್ಟೇ ಮುಖ್ಯ, ಏಕೆಂದರೆ ಸಮುದಾಯದ ರಂಗಭೂಮಿ ಇರುವುದು ನಟರನ್ನು ತಯಾರಿಸುವುದಕ್ಕಷ್ಟೇ ಅಲ್ಲ.

ತಾಲೀಮಿನಲ್ಲಿ ನಡೆಯುವುದಾದರೂ ಏನು? ಎರಡೇ ಸಾಲಿನ ದೂತನ ಪಾತ್ರ ಸಿಕ್ಕ ಹುಡುಗನೊಬ್ಬನನ್ನು ನೆನೆಯಿರಿ. ಮೊದಲ ದಿನ ಅವನ ದನಿ ಎದುರಿನ ಗೋಡೆಯನ್ನೂ ಮುಟ್ಟುವುದಿಲ್ಲ, ಕಣ್ಣು ನೆಲ ಬಿಟ್ಟು ಮೇಲೇಳುವುದಿಲ್ಲ. ಅವನು ಸುದ್ದಿ ತಂದು ಹೇಳದ ಹೊರತು ರಾಜನ ಪಾತ್ರಧಾರಿ ಪೀಠದಿಂದ ಏಳುವಂತಿಲ್ಲ. ರಾಜ ಏಳದಿದ್ದರೆ ಮೇಳದವರು ಹಾಡು ಎತ್ತುವಂತಿಲ್ಲ. ಒಂದು ಸಂಜೆ ಅವನು ಬರಲಿಲ್ಲವೆಂದರೆ ಇಡೀ ದೃಶ್ಯ ಅಲ್ಲಿಗೇ ನಿಲ್ಲುತ್ತದೆ, ಮರುದಿನ ‘ಎಲ್ಲಿ ಹೋಗಿದ್ದೆ ಮಾರಾಯಾ, ನಿನಗೋಸ್ಕರ ಕಾದು ಕೂತಿದ್ದೆವು’ ಎಂದು ಎಲ್ಲರೂ ಕೇಳುತ್ತಾರೆ. ತರಗತಿಯ ಹಿಂದಿನ ಬೆಂಚಿನಲ್ಲಿ ಅವನು ಇದ್ದರೂ ಇಲ್ಲದಿದ್ದರೂ ಪಾಠ ನಡೆಯುತ್ತಿತ್ತು. ತನಗಾಗಿ ಕಾಯುವವರಿದ್ದಾರೆ ಎಂಬುದು ಅವನಿಗೆ ಹೊಸ ಅನುಭವ. ನಿರ್ದೇಶಕರು ‘ಜೋರಾಗಿ ಹೇಳು’ ಎಂದು ನೂರು ಸಲ ಗದರಿದರೂ ಏಳದ ದನಿ, ಎದುರುಪಾತ್ರದವನಿಗೆ ಕೇಳಿಸಲೇಬೇಕು ಎಂಬ ಅಗತ್ಯ ಅರಿವಾದಾಗ ತಾನಾಗಿ ಏಳುತ್ತದೆ.

ತಪ್ಪಿನ ವಿಷಯವೂ ಹಾಗೆಯೇ. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಅದು ಕಡತದಲ್ಲಿ ಉಳಿಯುತ್ತದೆ. ತಾಲೀಮಿನಲ್ಲಿ ಮಾತು ಮರೆತರೆ ‘ಮತ್ತೆ ಮೊದಲಿನಿಂದ’ ಎನ್ನುತ್ತಾರೆ, ಅಷ್ಟೇ. ಸೋಲಿಗೆ ಹೆದರಿದ ಮಕ್ಕಳಿಗೆ ಈ ‘ಮತ್ತೆ’ ಎಂಬುದಕ್ಕಿಂತ ದೊಡ್ಡ ಔಷಧವನ್ನು ನಾನು ಕಂಡಿಲ್ಲ. ಮಾತನಾಡಲು ಇಷ್ಟವಿಲ್ಲದವರಿಗೂ ಇಲ್ಲಿ ಜಾಗವಿದೆ: ದೀಪ, ವೇಷಭೂಷಣ, ಪರಿಕರ, ಪ್ರಸಾಧನ, ಪರದೆ. ಸರಿಯಾದ ಕ್ಷಣದಲ್ಲಿ ಬೆಳಕು ಆರಿಸಬೇಕಾದವಳ ಜವಾಬ್ದಾರಿ ನಾಯಕಿಯದಕ್ಕಿಂತ ಕಡಿಮೆಯದೇನಲ್ಲ.

ಪಾತ್ರ ಹಂಚುವವರು ಮಾತ್ರ ಎಚ್ಚರದಿಂದಿರಬೇಕು. ನಿಜಜೀವನದಲ್ಲಿ ಅವಮಾನ ಉಂಡ ಹುಡುಗಿಗೆ ಅದೇ ಅವಮಾನದ ಪಾತ್ರ ಕೊಟ್ಟು ‘ಸಹಜವಾಗಿ ಬಂದಿದೆ’ ಎಂದು ಮೆಚ್ಚುವುದು ಕ್ರೌರ್ಯ. ಅವಳ ಕಥೆಯನ್ನು ರಂಗಕ್ಕೆ ತರಬೇಕೋ ಬೇಡವೋ ಎಂಬುದನ್ನು ಅವಳೇ ನಿರ್ಧರಿಸಬೇಕು.

ಬೇಸಿಗೆ ಶಿಬಿರಗಳು ಈಗ ಎಲ್ಲೆಡೆ ನಡೆಯುತ್ತವೆ, ಅದು ಸಂತೋಷದ ವಿಷಯ. ಆದರೆ ಶುಲ್ಕ ಕಟ್ಟಬಲ್ಲವರ ಮಕ್ಕಳೇ ಅಲ್ಲಿ ಹೆಚ್ಚು ಸೇರುತ್ತಾರೆ, ಶಿಬಿರ ಮುಗಿದ ಮರುದಿನ ನಿರ್ದೇಶಕರು ಬಸ್ಸು ಹತ್ತುತ್ತಾರೆ, ಕಟ್ಟಿದ ತಂಡ ಚದುರುತ್ತದೆ. ನೀನಾಸಮ್ ಹಾಗಲ್ಲ: 1949ರಲ್ಲಿ ಹೆಗ್ಗೋಡಿನಲ್ಲಿ ಅದು ಶುರುವಾದದ್ದು ಊರವರೇ ಕೂಡಿ ಕಟ್ಟಿದ ಹವ್ಯಾಸಿ ನಾಟಕ ಸಂಘವಾಗಿ. ತರಬೇತಿಯ ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ಊರೂರು ಸುತ್ತುವ ತಿರುಗಾಟ ತಂಡ 1985ರಲ್ಲಿ. ಅಷ್ಟು ವರ್ಷಗಳ ನಿರಂತರತೆ ಎಲ್ಲ ಊರಿಗೂ ಸಾಧ್ಯವಾಗಲಾರದು. ಆದರೂ ಪ್ರೌಢಶಾಲೆಯ ಒಂದು ಕೋಣೆ ವಾರದಲ್ಲಿ ಮೂರು ಸಂಜೆ ತೆರೆದಿರುವುದು ಕಷ್ಟವೇನಲ್ಲ. ಈ ಭಾಷಣ ಕೇಳುತ್ತಿರುವ ಮುಖ್ಯೋಪಾಧ್ಯಾಯರಲ್ಲಿ, ಯುವಕ ಸಂಘದ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೆ: ಆ ಕೋಣೆಯ ಬೀಗದ ಕೈ ಶಾಲೆ ಬಿಟ್ಟ ಆ ಹುಡುಗ ಹುಡುಗಿಯರ ಬಳಿಯೇ ಇರಲಿ, ಹಾರ್ಮೋನಿಯಂ, ತಬಲಾ, ಬಣ್ಣದ ಪೆಟ್ಟಿಗೆಗಳ ಲೆಕ್ಕವನ್ನೂ ಅವರೇ ಇಡಲಿ.

ನಮಸ್ಕಾರ.