ಹಳೇ ಫ್ರಿಜ್‌ನಲ್ಲಿ ಬಿಯರ್ ಹುದುಗಿಸೋದು: ಸೆನ್ಸರ್ ಎಲ್ಲಿಡ್ತೀರಿ ಅನ್ನೋದೇ ಮುಖ್ಯ

ಹಳೇ ಫ್ರಿಜ್ಜನ್ನ ಬಿಯರ್ ಹುದುಗಿಸೋಕೆ ಬಳಸಬೇಕು ಅಂದ ತಕ್ಷಣ ತುಂಬಾ ಜನ ಡ್ರಿಲ್ ತಗೋತಾರೆ. ದಯವಿಟ್ಟು ಬೇಡ. ಎಷ್ಟೋ ಫ್ರಿಜ್‌ಗಳಲ್ಲಿ ಗ್ಯಾಸ್ ಕೊಳವೆ ಪಕ್ಕದ ಗೋಡೆಯೊಳಗೇ ಹಾದುಹೋಗಿರುತ್ತೆ. ತಪ್ಪು ಜಾಗದಲ್ಲಿ ಒಂದು ತೂತು ಬಿದ್ದರೆ ಫ್ರಿಜ್ ಗುಜರಿಗೆ. ಅದರಲ್ಲೂ ಒಳಗಿನ ತಂಪುಗ್ಯಾಸ್ ಆರ್600ಎ ಆಗಿದ್ದರೆ ಅದು ಬೆಂಕಿ ಹತ್ತೋ ಗ್ಯಾಸ್. ಡಿಗ್ರಿ ಅಳೆಯೋ ಸೆನ್ಸರಿನ ವೈರು ಸಣ್ಣದು, ಬಾಗಿಲಿನ ರಬ್ಬರ್ ಪಕ್ಕದಲ್ಲೇ ನುಸುಳಿ ಹೊರಗೆ ಬರುತ್ತೆ.

ಒಳಗಿನ ಥರ್ಮೋಸ್ಟಾಟನ್ನೂ ಕೀಳಬೇಡಿ. ಅದು 4-5 ಡಿಗ್ರಿಗೆ ಅಂತ ಮಾಡಿದ್ದು. ಬಿಯರಿನಲ್ಲಿ ಏಲ್, ಲಾಗರ್ ಅಂತ ಎರಡು ಬಗೆ. ಏಲ್ ಯೀಸ್ಟಿಗೆ ಬೇಕಾದ್ದು ಹೆಚ್ಚುಕಮ್ಮಿ 18ರಿಂದ 20, ಲಾಗರ್‌ಗೆ 10ರಿಂದ 12. ಥರ್ಮೋಸ್ಟಾಟನ್ನ ಪೂರ್ತಿ ತಂಪಿಗೆ ತಿರುಗಿಸಿಟ್ಟು, ಫ್ರಿಜ್ ಪ್ಲಗ್ಗನ್ನ ಸೆನ್ಸರ್ ಇರೋ ಹೊರಗಿನ ಕಂಟ್ರೋಲರ್‌ಗೆ ಹಾಕಿ. ಕರೆಂಟ್ ಕೊಡೋದು, ಕಡಿಯೋದು ಇನ್ನು ಅದರ ಕೆಲಸ. ಎಸ್‌ಟಿಸಿ-1000 ಅನ್ನೋ ಕಂಟ್ರೋಲರ್ ತಗೊಂಡರೆ ವೈರಿಂಗ್ ನೀವೇ ಮಾಡಬೇಕು. ಅರ್ತಿಂಗ್ ಅಂದರೇನು ಅಂತ ಗೊತ್ತಿಲ್ಲದವರು ಪ್ಲಗ್ ಸಮೇತ ಬರೋ ಕಂಟ್ರೋಲರನ್ನೇ ತಗೊಳ್ಳಿ.

ಈಗ ಸೆನ್ಸರ್. ಫ್ರಿಜ್ ಒಳಗೆ ಸುಮ್ಮನೆ ನೇತುಹಾಕಿದರೆ ಅದು ಗಾಳಿಯನ್ನ ಅಳೆಯುತ್ತೆ, ಬಿಯರನ್ನಲ್ಲ. ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತೆ. ಗಾಳಿ 19 ತೋರಿಸ್ತಿರುವಾಗ ಒಳಗಿನ ಬಿಯರ್ 22, 23 ಮುಟ್ಟಿರಬಹುದು. ಅಲ್ಲೇ ಗಂಟಲು ಸುಡೋ ಘಾಟು, ಬೇಡದ ಬಾಳೆಹಣ್ಣಿನ ವಾಸನೆ ಸೇರಿಕೊಳ್ಳೋದು. ಇನ್ನೊಂದು ತೊಂದರೆ, ಗಾಳಿ ಬೇಗ ಬಿಸಿಯಾಗಿ ಬೇಗ ತಣ್ಣಗಾಗೋದರಿಂದ ಕಂಪ್ರೆಸರ್ ಪದೇಪದೇ ಶುರುವಾಗಿ ಸವೆಯುತ್ತೆ.

ಹಾಗಾಗಿ ಸೆನ್ಸರಿನ ತುದಿಯನ್ನ ಹುದುಗು ಪಾತ್ರೆಯ ಹೊರಮೈಗೆ, ಬಿಯರ್ ಮಟ್ಟದ ಅರ್ಧ ಎತ್ತರದಲ್ಲಿ, ಒತ್ತಿಹಿಡಿದು ಟೇಪ್ ಹಾಕಿ. ಅದರ ಮೇಲೆ ಅಂಗೈ ಅಗಲದ, ಎರಡು ಬೆರಳು ದಪ್ಪದ ಫೋಮ್ ಇಟ್ಟು, ಅಂಚಿನ ಸುತ್ತಲೂ ಮತ್ತೆ ಟೇಪ್. ಟೇಪ್ ಬಿಟ್ಟುಕೊಂಡು ಸೆನ್ಸರ್ ಕೆಳಗೆ ಬಿತ್ತು ಅಂದರೆ ಕಂಟ್ರೋಲರ್‌ಗೆ ಬಿಯರ್ ಕಾಣಲ್ಲ, ಆದ್ದರಿಂದ ದಿನಕ್ಕೊಮ್ಮೆ ಮುಟ್ಟಿ ನೋಡಿ.

ಎಸ್‌ಟಿಸಿ-1000ರಲ್ಲಿ ಎಫ್1 ಬೇಕಾದ ಡಿಗ್ರಿ. ಎಫ್2 ಎಷ್ಟು ಏರುಪೇರಾದರೆ ಎಚ್ಚರವಾಗಬೇಕು ಅನ್ನೋದು, ಅದಕ್ಕೆ 0.5 ಸಾಕು. ಎಫ್3 ಕಂಪ್ರೆಸರ್ ಕಾಯಬೇಕಾದ ನಿಮಿಷ. ಇದಕ್ಕೆ ಧಾರಾಳವಾಗಿ 10 ಕೊಡಿ, ಆಗಷ್ಟೇ ನಿಂತ ಕಂಪ್ರೆಸರ್‌ನೊಳಗೆ ಒತ್ತಡ ಇಳಿಯೋಕೆ ಸಮಯ ಬೇಕು. ತಂಪಿನ ದೀಪ ಮಿನುಗ್ತಾ ಇದ್ದರೆ ಕೆಟ್ಟುಹೋಗಿಲ್ಲ, ಕಾಯ್ತಾ ಇದೆ.

ಚಳಿ ಇರೋ ಕಡೆ 30 ವ್ಯಾಟ್ ಆಸುಪಾಸಿನ ಹೀಟಿಂಗ್ ಬೆಲ್ಟ್ ಪಾತ್ರೆಗೆ ಸುತ್ತಿ, ಸೆನ್ಸರಿನಿಂದ ದೂರವಾಗಿ. ಬಲ್ಬ್ ಇಡೋ ಸಲಹೆ ನನಗೆ ಒಪ್ಪಿಗೆ ಇಲ್ಲ. ಬಿಯರಿಗೆ ಕಹಿ ಕೊಡೋ ಹಾಪ್ಸ್ ಹೂವಿನ ಅಂಶಕ್ಕೆ ಬೆಳಕು ಬಿದ್ದರೆ ಕೆಟ್ಟ ನಾತ ಬರುತ್ತೆ, ಬಿಸಿ ಬಲ್ಬ್ ಪ್ಲಾಸ್ಟಿಕ್ಕಿಗೆ ತಾಗಿದರೆ ಬೆಂಕಿಯ ಅಪಾಯ.

20 ಲೀಟರ್ ಬಿಯರ್ ಅಂದರೆ ಪಾತ್ರೆ ಸೇರಿ 20 ಕೆಜಿಗೂ ಮೇಲೆ. ಫ್ರಿಜ್ಜಿನ ಗಾಜಿನ ತಟ್ಟೆ ತಡೆಯಲ್ಲ, ದಪ್ಪ ಹಲಗೆ ಹಾಕಿ. ಏರ್‌ಲಾಕ್ (ಗ್ಯಾಸನ್ನ ಹೊರಬಿಟ್ಟು ಗಾಳಿಯನ್ನ ತಡೆಯೋ, ನೀರು ತುಂಬಿದ ಮುಚ್ಚಳ) ಸೇರಿಸಿ ಎತ್ತರ ಮೊದಲೇ ಅಳೆದುಕೊಳ್ಳಿ. ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತೆ, ವಾರಕ್ಕೊಮ್ಮೆ ಒರೆಸಿ.

ಕೊನೆಗೆ ಬಿಯರ್ ತಿಳಿಯಾಗಲಿ ಅಂತ 2 ಡಿಗ್ರಿಗೆ ಇಳಿಸ್ತೀರಲ್ಲ, ಆಗ ಪಾತ್ರೆಯೊಳಗಿನ ಗಾಳಿ ಕುಗ್ಗಿ ಏರ್‌ಲಾಕಿನ ನೀರನ್ನ ಒಳಗೆಳೆದುಕೊಳ್ಳುತ್ತೆ. ಇಳಿಸೋ ಮುಂಚೆ ಅದನ್ನ ತೆಗೆದು, ಸ್ಯಾನಿಟೈಸ್ ಮಾಡಿದ ಬಿರಡೆ ಹಾಕಿಬಿಡಿ. ಪಾತ್ರೆ ಮೆತ್ತನೆ ಪ್ಲಾಸ್ಟಿಕ್ಕಿನದಾದರೆ ಸ್ವಲ್ಪ ಒಳಗೆ ತಗ್ಗುತ್ತೆ, ಅದಕ್ಕೆ ಗಾಬರಿ ಬೇಡ.